ಕೆಂಪು ಜೇನಿನ ಬೀದಿಯಲ್ಲಿ ಒಂದು ಹಿಡಿಸೂಡಿ

ಸುಂಕದ ಮೇಜು

ಜರ್ಮನಿಯಲ್ಲಿ ನನ್ನನ್ನು ಮೊದಲು ಸಂಶಯದಿಂದ ನೋಡಿದವನು ವಿಮಾನ ನಿಲ್ದಾಣದ ಸುಂಕದ ಅಧಿಕಾರಿ. ಅವನನ್ನು ದೂರುವಂತಿಲ್ಲ. ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಒಂದು ಹಿಡಿಸೂಡಿ ಇತ್ತು. ತೆಂಗಿನ ಗರಿಯ ಕಡ್ಡಿಗಳನ್ನು ಬಿಗಿದು ಕಟ್ಟಿದ, ನಮ್ಮ ಕಡೆ ಅಂಗಳ ಗುಡಿಸುವ ಸಾಮಾನ್ಯ ಹಿಡಿಸೂಡಿ. ಯಂತ್ರದ ಪರದೆಯಲ್ಲಿ ಅದು ಹೇಗೆ ಕಂಡಿತೋ ಏನೋ, ಆತ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಪೊರಕೆ ಎಂದೆ. ಕೋಲು ಎಲ್ಲಿ ಎಂದ. ಕೋಲಿಲ್ಲ, ನಾವೇ ಬಗ್ಗುತ್ತೇವೆ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಆ ಹೊಳೆಯುವ ನೆಲದ ಮೇಲೆ ಸೊಂಟ ಬಗ್ಗಿಸಿ, ಒಂದು ಕೈಯನ್ನು ಬೆನ್ನ ಮೇಲಿಟ್ಟು, ಹಿಂದಕ್ಕೆ ಹೆಜ್ಜೆ ಇಡುತ್ತ ಗುಡಿಸಿ ತೋರಿಸಿದೆ.

"ಹಿಂದಕ್ಕೆ ಯಾಕೆ?" ಎಂದ.

"ಮುಂದಕ್ಕೆ ಹೋದರೆ ಗುಡಿಸಿದ ಜಾಗದಲ್ಲಿ ನಮ್ಮದೇ ಹೆಜ್ಜೆ ಬೀಳುತ್ತದೆ."

ಆತ ಸ್ವಲ್ಪ ಹೊತ್ತು ಯೋಚಿಸಿದ. ಹೆಜ್ಜೆ ಗುರುತು ಬಿಡದೆ ಹೋಗುವವರ ಮೇಲೆ ಕಣ್ಣಿಡುವುದು ಅವನ ಕೆಲಸವಲ್ಲವೇ? ಕಡ್ಡಿಗಳ ನಡುವೆ ದೀಪ ಹಾಯಿಸಿ ಹುಳ ಹುಡುಕಿದ, ಮೂಸಿದ, ಮತ್ತೊಬ್ಬನನ್ನು ಕರೆದು ಅವನಿಗೂ ಮೂಸಲು ಕೊಟ್ಟ. ಆಮೇಲೆ ಇದ್ದಕ್ಕಿದ್ದ ಹಾಗೆ ನಕ್ಕು ಬಿಟ್ಟುಬಿಟ್ಟ. ಅಷ್ಟು ಸುಲಭದಲ್ಲಿ ಬಿಟ್ಟದ್ದು ಯಾಕೆಂದು ಹೊರಗೆ ಬರುವವರೆಗೂ ನನಗೆ ಸಂಶಯ.

ಹಿಡಿಸೂಡಿ ತರಲು ಹೇಳಿದ್ದು ಕಮಲಕ್ಕ. ಅವರು ಕೊಯಿಲದವರು. ಮಗಳು ಸುಮಿತ್ರಾ ಮತ್ತು ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಒಂದೇ ಬೆಂಚು. ಸುಮಿತ್ರಾ ಆಮೇಲೆ ನರ್ಸಿಂಗ್ ಕಲಿತು ಜರ್ಮನಿಗೆ ಹೋದಳು. ನಾನು ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಉಳಿದೆ. ಈ ಚಳಿಗಾಲದಲ್ಲಿ ಅವಳು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡದ್ದರಿಂದ ತಾಯಿ ನೋಡಿಕೊಳ್ಳಲು ಬಂದಿದ್ದರು.

ನಾನು ಹೋದದ್ದಕ್ಕೆ ಕಾರಣ ಬೇರೆ. ವರ್ಷಗಟ್ಟಲೆ ನಾನು ವಿದ್ಯಾರ್ಥಿಗಳಿಗೆ ಚಳಿಗಾಲದ ನಿದ್ದೆಯ ಬಗ್ಗೆ ಪಾಠ ಮಾಡಿದ್ದೆ. ನೆಲದೊಳಗೆ ತಿಂಗಳುಗಟ್ಟಲೆ ಮಲಗಿದ ಒಂಟಿ ಜೇನುಹುಳಗಳು ವಸಂತದ ಮೊದಲ ಬಿಸಿಲಿಗೆ ಮಣ್ಣು ಒಡೆದು ಏಳುತ್ತವೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ಒಮ್ಮೆಯೂ ಕಣ್ಣಾರೆ ಕಂಡದ್ದಿಲ್ಲ. ಕೊಲ್ಲಮೊಗ್ರಿನ ನಮ್ಮ ಮನೆಯ ಗೋಡೆ ಬಿರುಕಿನಲ್ಲಿ ಮುಜಂಟಿ ಎಂಬ ಪುಟ್ಟ ಜೇನು ವರ್ಷವಿಡೀ ಎಚ್ಚರವಾಗಿರುತ್ತದೆ. ಅದನ್ನು ನೋಡಿ ಬೆಳೆದವನಿಗೆ ಆ ಪಾಠದ ಮೇಲೆ ಒಳಗೊಳಗೇ ಗುಮಾನಿ ಇತ್ತು.

ಇಳಿಜಾರಿನ ಬೀದಿ

ಸುಮಿತ್ರಾಳ ಊರು ದಕ್ಷಿಣ ಜರ್ಮನಿಯ ಒಂದು ಸಣ್ಣ ಪಟ್ಟಣ. ಅವಳ ಬೀದಿ ಗುಡ್ಡದ ಮೇಲೆ. ರೈಲು ನಿಲ್ದಾಣದಿಂದ ಅವಳ ಕಾರಿನಲ್ಲಿ ಬಂದವರು ಗುಡ್ಡದ ಬುಡದಲ್ಲೇ ಇಳಿದೆವು.

"ಮೇಲೆ ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲ ಮಾರಾಯ" ಎಂದಳು. ನನ್ನ ಪೆಟ್ಟಿಗೆಯನ್ನು ಎಡಗೈಯಲ್ಲಿ ಎಳೆಯುತ್ತ, ಸ್ವಲ್ಪ ಕುಂಟುತ್ತ ಹತ್ತಿದಳು. ಲ್ಯಾಬಿನಲ್ಲಿ ಎಡಗೈಯಲ್ಲಿ ಚಿಮಟ ಹಿಡಿಯುತ್ತಿದ್ದಳೆಂದು ಮೇಷ್ಟ್ರು ಬೈಯುತ್ತಿದ್ದದ್ದು ನೆನಪಾಯಿತು. "ಬಿದ್ದದ್ದು ಇಲ್ಲಿಯೇ, ಈ ತಿರುವಿನಲ್ಲಿ. ನೈಟ್ ಡ್ಯೂಟಿ ಮುಗಿಸಿ ಬರುವಾಗ."

ಕಮಲಕ್ಕ ಬಾಗಿಲಲ್ಲೇ ಹಿಡಿಸೂಡಿ ಕೇಳಿ ಪಡೆದರು. ನನ್ನ ಪ್ರಯಾಣ ಹೇಗಾಯಿತೆಂದು ಆಮೇಲೆ ಕೇಳಿದರು.

"ಇವರ ಹಿಡಿಸೂಡಿ ನೋಡಿದ್ರಾ ಮಾಷ್ಟ್ರೆ? ಕುದುರೆ ಬಾಲ ಕೋಲಿಗೆ ಕಟ್ಟಿದ ಹಾಗೆ ಉಂಟು. ನೆಟ್ಟಗೆ ನಿಂತು ಮುಂದೆ ಮುಂದೆ ದೂಡುದು. ಕಸ ಹೋಗುದಿಲ್ಲ, ಊರು ಸುತ್ತಿ ಬರ್ತದೆ ಅಷ್ಟೆ."

ಆ ಬೀದಿಯವರಿಗೆ ಗುಡಿಸುವುದೆಂದರೆ ಒಂದು ವ್ರತ. ಪ್ರತಿ ವಾರ ಒಂದು ಮನೆಯ ಸರದಿ. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಮರದ ಫಲಕ ನೇತಾಡುತ್ತದೆ. ಕಸ ಇರಲಿ ಇಲ್ಲದಿರಲಿ, ಮೆಟ್ಟಿಲು ಮತ್ತು ಕಲ್ಲಿನ ಹಾದಿ ಗುಡಿಸಲೇಬೇಕು, ಗುಡಿಸಿದ್ದು ನೆರೆಯವರಿಗೆ ಕಾಣಲೂ ಬೇಕು. ನಾನು ಬಂದ ವಾರ ಫಲಕ ಸುಮಿತ್ರಾಳ ಬಾಗಿಲಲ್ಲಿತ್ತು. ಕಮಲಕ್ಕನಿಗೆ ಅದೊಂದು ಬಿರುದಿನ ಹಾಗೆ.

ಆದರೆ ಹಾದಿಯ ಪಕ್ಕದಲ್ಲಿ ಯಾರೂ ಗುಡಿಸದ ಒಂದು ಪಟ್ಟಿ ಜಾಗವಿತ್ತು. ಸುಮಿತ್ರಾಳ ಮೆಟ್ಟಿಲಿನಿಂದ ಬೀದಿಯ ಕೊನೆಯವರೆಗೆ ಉದ್ದಕ್ಕೆ ಬರೀ ಮಣ್ಣು. ಒಂದು ಬದಿಗೆ ಬೀದಿ, ಇನ್ನೊಂದು ಬದಿಗೆ ನೆರೆಮನೆಯ ಬೇಲಿ. ಮಣ್ಣಿನ ಮೇಲೆ ಅಲ್ಲಲ್ಲಿ ಸಣ್ಣ ಗುಪ್ಪೆಗಳು, ಪ್ರತಿ ಗುಪ್ಪೆಯ ನೆತ್ತಿಯಲ್ಲಿ ಪೆನ್ಸಿಲ್ ತೂರುವಷ್ಟು ತೂತು. ಇರುವೆಯ ಕೆಲಸ ಅಂದುಕೊಂಡೆ. ಮರುದಿನ ಮಧ್ಯಾಹ್ನ ಬಿಸಿಲು ಬಂದಾಗ ಒಂದು ತೂತಿನಿಂದ ಕಪ್ಪು ಮುಖವೊಂದು ಇಣುಕಿತು. ನನ್ನನ್ನು ಕಂಡು ಒಳಗೆ ಹೋಯಿತು. ನಾನು ಉಸಿರು ಬಿಗಿಹಿಡಿದು ನಿಂತೆ. ಅದು ಮತ್ತೆ ಬಂದು, ಹೊರಗೆ ಹತ್ತಿ, ಬಿಸಿಲಿಗೆ ಮೈ ಒಡ್ಡಿತು. ಬೆನ್ನ ತುಂಬ ನರಿಯ ಮೈಬಣ್ಣದ ದಟ್ಟ ರೋಮ, ಕೆಳಗೆ ಕಾಲೆಲ್ಲ ಕಪ್ಪು. ನಾನು ಪಾಠ ಮಾಡಿದ್ದು ಸುಳ್ಳಾಗಿರಲಿಲ್ಲ. ಕೊಲ್ಲಮೊಗ್ರಿನಿಂದ ಅಷ್ಟು ದೂರ ಬಂದು, ಒಂದು ಹುಳದ ಮುಂದೆ ಮಂಡಿಯೂರಿ ಕೂತೆ.

ಬೇಲಿಯಾಚೆಯ ಮನೆ ಊರ್ಸುಲಾಳದು. ಶಾಲೆಯಿಂದ ನಿವೃತ್ತಳಾದ ಎತ್ತರದ ಹೆಂಗಸು. ಸುಮಿತ್ರಾ ಈ ದೇಶಕ್ಕೆ ಹೊಸದಾಗಿ ಬಂದಾಗ ಅವಳಿಗೆ ಜರ್ಮನ್ ಕಲಿಸಿದವಳು ಅವಳೇ. ಈಗ ಅವಳ ಬದುಕೆಲ್ಲ ಕಾಡು ಜೇನುಹುಳಗಳು. ಎದುರು ಮನೆಯವನು ಬ್ರೆನ್ನರ್, ಮಾತು ಕಡಿಮೆಯ, ಕಾರು ಒರೆಸುವ ಮನುಷ್ಯ. ಈ ಮೂರು ಮನೆಯವರಿಗೆ ಸೇರಿದ ಆ ಮಣ್ಣಿನ ಪಟ್ಟಿಗೆ ಕಲ್ಲು ಹಾಸಿ ಕಾರು ನಿಲ್ಲಿಸಬೇಕೆಂದು ಬ್ರೆನ್ನರ್ ಹೇಳಿದ್ದ. ಕೂಡದು ಎಂದು ಊರ್ಸುಲಾ ಹಟ ಹಿಡಿದಿದ್ದಳು. ಅವಳು ತೆಗೆದ ಫೋಟೋ ನೋಡಿ ಅವನು ಇರುವೆ ಎಂದಿದ್ದ, ನಾನು ಅಂದುಕೊಂಡ ಹಾಗೆಯೇ. ಕೊನೆಗೆ ಒಂದು ಒಪ್ಪಂದವಾಗಿತ್ತು. ಶನಿವಾರ ಕೀಟ ಬಲ್ಲ ಪರಿಣತೆಯೊಬ್ಬಳು ಬರುತ್ತಾಳೆ. ಗೂಡುಗಳನ್ನು ಅವಳು ಕಣ್ಣಾರೆ ಕಂಡರೆ ಮಣ್ಣು ಮಣ್ಣಾಗಿಯೇ ಇರುತ್ತದೆ. ಕಾಣದಿದ್ದರೆ ಕಲ್ಲು.

"ಮತ್ತೆ ನೀನು ಎಂತ ಹೇಳಿದೆ?" ಎಂದು ಸುಮಿತ್ರಾಳನ್ನು ಕೇಳಿದೆ.

"ನಾನು ಎಂತ ಹೇಳುದು? ಇಬ್ಬರೂ ನೆರೆಯವರೇ" ಎಂದಳು.

ಆ ಸಂಜೆ ಗಂಜಿ ಉಣ್ಣುತ್ತ ಅವಳಿಗೆ ನನ್ನ ಒಂದು ಹೆದರಿಕೆ ಹೇಳಿದೆ. ಅಪ್ಪ ಕೊನೆಯ ವರ್ಷಗಳಲ್ಲಿ ಕೊಲ್ಲಮೊಗ್ರಿನ ಮನೆಯ ಜಗಲಿಯಲ್ಲೇ ಕೂತು, ಕೊಲ್ಲಮೊಗ್ರಿಗೆ ಹೋಗುವ ಜೀಪು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಕಳೆದ ವರ್ಷ ಕಡಬದಲ್ಲಿ ನಾನು ಜೀಪು ಹತ್ತಿದಾಗ, ಎಲ್ಲಿಗೆ ಎಂದು ಚಾಲಕ ಕೇಳಿದ್ದಕ್ಕೆ ಒಂದು ಗಳಿಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ನನ್ನ ನೆನಪನ್ನು ನಾನು ನಂಬುವುದಿಲ್ಲ. ಬೀಗ ಹಾಕಿದ ಬಾಗಿಲನ್ನು ಮತ್ತೆ ಹೋಗಿ ಎಳೆದು ನೋಡುತ್ತೇನೆ.

"ಎಲ್ರಿಗೂ ಆಗ್ತದೆ ಮಾರಾಯ" ಎಂದಳು ಸುಮಿತ್ರಾ. ನರ್ಸುಗಳು ಹಾಗೆಯೇ ಹೇಳುವುದು.

ನದಿ ದಂಡೆಯ ವಿಲೋ

ಊರ್ಸುಲಾ ನನ್ನನ್ನು ನದಿ ದಂಡೆಗೆ ಕರೆದುಕೊಂಡು ಹೋದಳು. ಇನ್ನೂ ಎಲೆ ಮೂಡದ ವಿಲೋ ಮರಗಳು ಹಳದಿ ಹೂವಿನ ಕುಚ್ಚು ಹೊತ್ತು ನಿಂತಿದ್ದವು. ಮರದ ಕೆಳಗೆ ನಿಂತರೆ ಇಡೀ ಮರವೇ ಗುನುಗುತ್ತಿತ್ತು. ಜೇನುಹುಳ, ಜೇನುಹುಳ ಎಂದು ನಾನು ಬೆರಳು ತೋರಿಸುತ್ತ ಹೋದೆ. ಊರ್ಸುಲಾ ತಲೆ ಅಲ್ಲಾಡಿಸುತ್ತ ಹೋದಳು. ನಾನು ಮೊದಲು ತೋರಿಸಿದ್ದು ನೊಣ.

"ಹೆಸರು ಆಮೇಲೆ. ಮೊದಲು ರೆಕ್ಕೆ ನೋಡು" ಎಂದಳು. ನೊಣಕ್ಕೆ ಒಂದೇ ಜೊತೆ, ಜೇನು ಕಣಜಗಳಿಗೆ ಎರಡು. ಇದು ನಾನೇ ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆ. ಆದರೆ ಹಾರುವ ಹುಳ ರೆಕ್ಕೆ ಎಣಿಸಲು ಬಿಡುತ್ತದೆಯೇ? ಆಗ ಮೀಸೆ ನೋಡಬೇಕು. ನೊಣದ್ದು ಮೊಟಕು, ಜೇನಿನದು ಉದ್ದ. ನೊಣಕ್ಕೆ ಮುಖವೆಲ್ಲ ಕಣ್ಣೇ.

ಒಂದು ಹುಳ ರೋಮದ ಉಂಡೆಯಂತೆ ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು, ಮುಂದೆ ಸೂಜಿಯಂಥ ಉದ್ದ ಮೂತಿ. ಇದಂತೂ ಜೇನೇ ಎಂದೆ. ಅದೂ ನೊಣ, ಜೇನಿನ ವೇಷ ಹಾಕಿದ್ದು. ಜೇನುಗಳು ಗೂಡು ತೋಡಿದಲ್ಲಿಗೆ ಹೋಗಿ, ಗಾಳಿಯಲ್ಲೇ ನಿಂತು, ತೂತಿನ ಕಡೆಗೆ ತನ್ನ ಮೊಟ್ಟೆ ಚಿಮ್ಮಿಸುತ್ತದಂತೆ. ಹಳದಿ ಕಪ್ಪು ಪಟ್ಟೆಯ, ರೋಮವಿಲ್ಲದ, ಸಪೂರದ್ದೊಂದು ನೆಲಕ್ಕೆ ತಾಗಿದಂತೆ ಹಾರುತ್ತಿತ್ತು. ಈ ಸಲ ಜಾಣನಾಗಿ ಕಣಜ ಎಂದೆ. ಅಲ್ಲ, ಅದು ಜೇನು. ಆದರೆ ಸ್ವಂತ ಗೂಡು ತೋಡದ ಜೇನು. ಇನ್ನೊಬ್ಬಳು ತೋಡಿ ಪರಾಗ ತುಂಬಿಟ್ಟ ಕೋಣೆಗೆ ಒಡತಿ ಇಲ್ಲದ ಹೊತ್ತು ನೋಡಿ ನುಗ್ಗಿ ಮೊಟ್ಟೆ ಇಟ್ಟು ಬರುವುದು. ಕಾಲಿನಲ್ಲಿ ಪರಾಗ ಹೊರುವ ರೋಮವೇ ಇಲ್ಲ, ಅದೇ ಗುರುತು. ನಿಜವಾದ ಕಣಜ ಆಮೇಲೆ ಸಿಕ್ಕಿತು. ಚಳಿಗಾಲ ಕಳೆದೆದ್ದ ಒಂಟಿ ರಾಣಿ, ಹಳೆಯ ಬೇಲಿಯ ಮರವನ್ನು ಕೆರೆದು ಗೂಡು ಕಟ್ಟಲು ಹಿಟ್ಟು ಮಾಡುತ್ತಿದ್ದಳು. ಕೆರೆಯುವ ಸದ್ದು ಕೇಳುತ್ತಿತ್ತು. ಅವಳೊಬ್ಬಳೇ ಅಂದು ಯಾವ ವೇಷವೂ ಹಾಕದೆ ಸಿಕ್ಕಿದವಳು.

ಇಷ್ಟೆಲ್ಲ ಆದ ಮೇಲೆ ನನಗೆ ಸಿಕ್ಕಿದ ಪಾಠ ಕೀಟಶಾಸ್ತ್ರಕ್ಕಿಂತ ಪೊಲೀಸು ಠಾಣೆಗೆ ಹೆಚ್ಚು ಹತ್ತಿರದ್ದು. ಊರ್ಸುಲಾ ತಾನು ಕಂಡದ್ದನ್ನೂ ಹಾಗೆಯೇ ನಂಬುವವಳಲ್ಲ. ಹುಳವನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಬೆನ್ನು, ಮುಖ, ಹಿಂಗಾಲು ಮೂರನ್ನೂ ಮಸೂರದಲ್ಲಿ ನೋಡಿ, ಹಾರಲು ಬಿಟ್ಟ ಮೇಲೆಯೇ ಹೆಸರು ಹೇಳುತ್ತಿದ್ದಳು.

ಮನೆಗೆ ಬಂದು ಕಮಲಕ್ಕನಿಗೆ ಈ ಒಂಟಿ ಜೇನುಗಳು ಜೇನುತುಪ್ಪ ಮಾಡುವುದಿಲ್ಲ, ಸಾಮಾನ್ಯವಾಗಿ ಕಚ್ಚುವುದೂ ಇಲ್ಲ ಎಂದೆ.

"ಜೇನು ಕೊಡುದಿಲ್ಲ, ಕಚ್ಚುದೂ ಇಲ್ಲ. ಮತ್ತೆ ಎಂತಕ್ಕೆ ಮಾರಾಯ್ರೆ ಇಷ್ಟು ಗಲಾಟೆ?" ಎಂದರು.

ಸುಮಿತ್ರಾ ಒಳಗಿನಿಂದ ಜೋರಾಗಿ ನಕ್ಕಳು. ಅಗತ್ಯಕ್ಕಿಂತ ಜೋರಾಗಿ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ, ಹೇಳಲಾರೆ.

ಗುರುವಾರ ಬೆಳಿಗ್ಗೆ

ಬುಧವಾರ ಸಂಜೆ ಚಳಿ ಮರಳಿ ಬಂತು. ಇನ್ನು ಭಾನುವಾರದವರೆಗೆ ಬಿಸಿಲಿಲ್ಲ ಎಂದು ಹವಾಮಾನದವರು ಹೇಳಿದರು. ಪರವಾಗಿಲ್ಲ, ಹುಳ ಹೊರಗೆ ಬಾರದಿದ್ದರೂ ಗುಪ್ಪೆ, ತೂತು ಇದ್ದೇ ಇರುತ್ತವೆ ಎಂದಳು ಊರ್ಸುಲಾ. ಪರಿಣತೆಗೆ ಅಷ್ಟು ಸಾಕಿತ್ತು.

ಗುರುವಾರ ಎದ್ದಾಗ ಬೀದಿಯಲ್ಲಿ ಊರ್ಸುಲಾಳ ದನಿ. ಕಿಟಕಿಯಿಂದ ನೋಡಿದೆ. ಮಣ್ಣಿನ ಪಟ್ಟಿ ಚೊಕ್ಕಟವಾಗಿತ್ತು. ಒಂದೇ ಒಂದು ಗುಪ್ಪೆ ಇರಲಿಲ್ಲ, ತೂತುಗಳೆಲ್ಲ ಮಣ್ಣಲ್ಲಿ ಮುಚ್ಚಿಹೋಗಿದ್ದವು. ಊರ್ಸುಲಾ ಬ್ರೆನ್ನರನ ಬಾಗಿಲು ಬಡಿಯುತ್ತಿದ್ದಳು. ಅವನು ಹಲ್ಲುಜ್ಜುವ ಬ್ರಷ್ ಹಿಡಿದೇ ಹೊರಗೆ ಬಂದು, ಕೇಳಿ, ಕೆಂಪಾಗಿ, ಒಂದೂ ಮಾತಾಡದೆ ಬಾಗಿಲು ಹಾಕಿಕೊಂಡ.

"ಅವನಲ್ಲದೆ ಇನ್ಯಾರು?" ಎಂದು ಊರ್ಸುಲಾ ನನಗೆ ಫೋನಿನಲ್ಲಿ ಫೋಟೋ ತೋರಿಸಿದಳು. ಬೆಳಗಾಗುವಾಗಲೇ ತೆಗೆದದ್ದು. "ಇದೊಂದು ಮಾತ್ರ ಅರ್ಥವಾಗುತ್ತಿಲ್ಲ. ಒದ್ದೆ ಮಣ್ಣು, ಆದರೆ ಒಂದು ಹೆಜ್ಜೆಯೂ ಇಲ್ಲ. ಹಾರಿ ಬಂದನೇ?"

ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದೆ. ಮಣ್ಣಿನ ಮೇಲೆ ಬೀಸಣಿಗೆ ಬಿಡಿಸಿಟ್ಟಂತೆ ಗೀರುಗಳು, ಒಂದರ ಮೇಲೊಂದು, ಬೀದಿಯ ಕೊನೆಯಿಂದ ಸುಮಿತ್ರಾಳ ಮೆಟ್ಟಿಲಿನವರೆಗೆ. ಕುದುರೆ ಬಾಲದ ಪೊರಕೆಗೆ ಅಂಥ ಗೀರು ಬರುವುದಿಲ್ಲ. ಕಡಬದಲ್ಲಿ, ಸುಳ್ಯದಲ್ಲಿ, ಪುತ್ತೂರಿನಲ್ಲಿ ಯಾವ ಮನೆಯ ಅಂಗಳವನ್ನಾದರೂ ಬೆಳಗಿನ ಹೊತ್ತು ನೋಡಿ, ಇದೇ ಗೀರು. ಹಿಂದಕ್ಕೆ ನಡೆಯುತ್ತ ಗುಡಿಸಿದವರು ತಮ್ಮ ಹೆಜ್ಜೆಯನ್ನು ತಾವೇ ಅಳಿಸಿಕೊಂಡು ಮನೆಯ ಮೆಟ್ಟಿಲು ಹತ್ತಿದ್ದರು.

ಆ ಬೀದಿಯಲ್ಲಿ ಹಿಡಿಸೂಡಿ ಇದ್ದದ್ದು ಒಂದೇ. ಅದನ್ನು ಹಿಡಿಯುತ್ತಿದ್ದವರು ಇಬ್ಬರು. ಕಮಲಕ್ಕ ಮತ್ತು ನಾನು.

ಹೌದು, ನಾನೂ ಹಿಡಿದಿದ್ದೆ. ಗಡಿಯಾರ ಬದಲಾದ್ದರಿಂದ ಬಂದ ಹೊಸತರಲ್ಲಿ ಬೆಳಗಾಗುವ ಮೊದಲೇ ಎಚ್ಚರವಾಗುತ್ತಿತ್ತು. ಕಮಲಕ್ಕನ ಕೈಯಿಂದ ಹಿಡಿಸೂಡಿ ಕಸಿದುಕೊಂಡು ಕಲ್ಲಿನ ಹಾದಿ ಗುಡಿಸಿದ್ದೆ. ಬ್ರೆನ್ನರ್ ಕಿಟಕಿಯಿಂದ ನೋಡಿ ಕೈಯೆತ್ತಿದ್ದ. ಆದರೆ ಎಷ್ಟು ದಿನ? ಕೈಗೆ ತಣ್ಣಗೆ ತಾಗಿದ ಕಡ್ಡಿಗಳು, ಮಂಜು, ಚಿಮಣಿಯ ಮೇಲೆ ಕೂತ ಒಂದು ಕಾಗೆ. ಈ ಚಿತ್ರ ಮಂಗಳವಾರದ್ದೇ, ಗುರುವಾರದ್ದೇ? ಕಾಲ ಕೆಳಗೆ ಇದ್ದದ್ದು ಕಲ್ಲೇ, ಮಣ್ಣೇ? ಯೋಚಿಸಿದಷ್ಟೂ ಕಲ್ಲು ಮೆತ್ತಗಾಗುತ್ತ ಹೋಯಿತು.

ಸುಮಿತ್ರಾ ನೈಟ್ ಡ್ಯೂಟಿಯಿಂದ ಬಂದು ಮಲಗಿದ್ದಳು. ಮಧ್ಯಾಹ್ನ ಎದ್ದು ಬಂದಾಗ ಎಲ್ಲ ಹೇಳಿದೆ. ಅವಳು ಚಾ ಕುಡಿಯುತ್ತ ಕಿಟಕಿಯ ಹೊರಗೆ ನೋಡಿದಳು.

"ನೀನೇ ಇರ್ಬೇಕು ಮಾರಾಯ" ಎಂದಳು ಮೆಲ್ಲಗೆ. "ಬೇಕಂತ ಮಾಡಿದ್ದಲ್ಲ. ನಿದ್ದೆಗಣ್ಣಲ್ಲಿ ಊರಿನ ಅಂಗಳ ಅಂತ ಗುಡಿಸಿರ್ಬೇಕು. ನಿನಗೆ ಮರೆತಿದೆ. ನೀನೇ ಹೇಳಿದ್ದಿ ಅಲ್ವ, ಹಾಗೆ ಆಗ್ತದೆ ಅಂತ?"

"ಹಾಗಾದ್ರೆ ಊರ್ಸುಲಾಗೆ ಹೇಳ್ತೇನೆ. ಆ ಬ್ರೆನ್ನರ್ ಪಾಪ..."

"ಈಗ ಬೇಡ. ಶನಿವಾರ ಕಳೀಲಿ. ನಿನ್ನನ್ನು ಯಾರೂ ಎಂತ ಮಾಡುದಿಲ್ಲ."

ನನ್ನ ಬಗ್ಗೆ ಕಾಳಜಿಯಿಂದ ಹೇಳಿದಳು ಎಂದುಕೊಂಡೆ. ಅಪ್ಪನ ಜೀಪು ನನಗೂ ಬಂದು ನಿಂತಿದೆ ಎಂದುಕೊಂಡೆ.

ಮಕ್ಕಳ ಮರಳು ತೊಟ್ಟಿ

ಶುಕ್ರವಾರ ಕಮಲಕ್ಕ ನನ್ನೊಡನೆ ಮಾತಾಡುವಾಗ ಮುಖ ತಪ್ಪಿಸುತ್ತಿದ್ದರು. ಅವರೇ ಗುಡಿಸಿ ಮಗಳಿಗೆ ಹೆದರಿ ಸುಮ್ಮನಿದ್ದಾರೋ ಎಂಬ ಆಸೆ ಹುಟ್ಟಿತು. ಆಸೆ ಎಂದೇ ಹೇಳಬೇಕು. ಕೇಳಿಯೇ ಬಿಟ್ಟೆ.

"ಅಯ್ಯೋ ನಾನಾ?" ಎಂದರು. "ನೀವು ಅಂತ ನಾನು ಬಾಯಿ ಮುಚ್ಚಿ ಕೂತದ್ದು! ಅತಿಥಿಯ ಮಾನ ಹೇಗೆ ತೆಗಿಯುದು ಅಂತ."

"ನಾನು ಗುಡಿಸುದು ನೋಡಿದ್ರಾ?"

"ಇಲ್ಲ. ನನಗೆ ಎಚ್ಚರವಾಗುವಾಗ ಹಿಡಿಸೂಡಿ ಒದ್ದೆ ಇತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಊರ್ಸುಲಾಳ ನಳಿಕೆ ನೆನಪಾಯಿತು. ನೆನಪನ್ನು ಬಿಟ್ಟು ಕಾಲು ರೆಕ್ಕೆ ನೋಡಬೇಕು. ಅವಳಿಂದ ಫೋಟೋ ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಗುಡಿಸಿದ ಮಣ್ಣು ಒಂದು ಬದಿಗೆ ಸಣ್ಣ ಏರಿಯಾಗಿ ಬಿದ್ದಿತ್ತು. ಊರ್ಸುಲಾಳ ಬೇಲಿಯ ಬದಿಗೆ.

ಬೀದಿಯ ಕೆಳಗೆ ಮಕ್ಕಳು ಆಡುವ ಮರಳಿನ ತೊಟ್ಟಿ ಇತ್ತು. ಹಿಡಿಸೂಡಿಯನ್ನು ಕೊಡೆಯ ಹಾಗೆ ಕಂಕುಳಲ್ಲಿ ಹಿಡಿದು ಕಮಲಕ್ಕನನ್ನೂ ಕರೆದುಕೊಂಡು ಹೋದೆ. ಒಂದು ಮಗು ಬಕೆಟ್ ಹಿಡಿದು ಕೂತಿತ್ತು. ನಾನು ಮರಳಿಗಿಳಿದು ಬಗ್ಗಿದಾಗ ಅದರ ತಾಯಿ ಮಗುವನ್ನು ಎತ್ತಿಕೊಂಡು ದೂರದ ಬೆಂಚಿಗೆ ಹೋದಳು. ಕಮಲಕ್ಕ ಅವಳಿಗೆ ತಮಗೆ ಗೊತ್ತಿದ್ದ ಒಂದೇ ಜರ್ಮನ್ ಮಾತು ಹೇಳಿದರು, "ಮೋರ್ಗನ್." ಅದು ಬೆಳಗಿನ ನಮಸ್ಕಾರ. ಮಧ್ಯಾಹ್ನ ಕಳೆದಿತ್ತು.

ತೊಟ್ಟಿಯ ಆಚೆ ತುದಿಗೆ ಮುಖ ಮಾಡಿ, ಹಿಂದಕ್ಕೆ ಬರುತ್ತ ಗುಡಿಸಿದೆ. ಮರಳು ನನ್ನ ಎಡಕ್ಕೆ ಏರಿ ಕಟ್ಟಿತು. ಬಲಗೈಯವನ ಬೀಸು ಬಲದಿಂದ ಎಡಕ್ಕೆ. ಮೆಟ್ಟಿಲಿನ ಕಡೆಗೆ ಹಿಂದೆ ಬರುವವನಿಗೆ ಎಡಕ್ಕಿರುವುದು ಬೀದಿ. ನಾನು ಗುಡಿಸಿದ್ದರೆ ಮಣ್ಣು ಬೀದಿಯ ಬದಿಗೆ ಬೀಳಬೇಕಿತ್ತು. ಮತ್ತೊಮ್ಮೆ ಗುಡಿಸಿದೆ. ಮತ್ತೂ ಎಡಕ್ಕೇ. ಕಮಲಕ್ಕ ಹಿಡಿಸೂಡಿ ತೆಗೆದುಕೊಂಡು, ಸೀರೆ ಸಿಕ್ಕಿಸಿ, ನನಗಿಂತ ಚಂದವಾಗಿ ಗುಡಿಸಿದರು. ಅವರದೂ ಎಡಕ್ಕೇ.

"ನಾವಿಬ್ಬರೂ ಅಲ್ಲ" ಎಂದೆ. ನಗು ಬಂತು. ತಲೆ ಸರಿಯಿದೆ ಎಂದು ಒಬ್ಬನಿಗೆ ಮರಳಿನಲ್ಲಿ ಬರೆದು ಕೊಟ್ಟರೆ ಹೇಗಾಗಬೇಡ? "ಇದು ಎಡಗೈಯವರು ಯಾರೋ..."

ಫೋನನ್ನು ಕಮಲಕ್ಕನ ಕೈಗೆ ಕೊಟ್ಟೆ.

ಕಮಲಕ್ಕ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸಣ್ಣದಿರುವಾಗ ಆ ಕೈಗೆ ಎಷ್ಟು ಪೆಟ್ಟು ಕೊಟ್ಟಿದ್ದೆ ಮಾಷ್ಟ್ರೆ" ಎಂದರು. "ಉಣ್ಣುದು ಬಲದಲ್ಲಿ ಕಲ್ತಳು. ಗುಡಿಸುದು ಮಾತ್ರ ಕಲೀಲೇ ಇಲ್ಲ."

ಫೋನನ್ನು ಹಿಂದೆ ಕೊಡುತ್ತ, "ಕಾಲು ಮುರಿದ ದಿನ ಆ ತಿರುವಿನಲ್ಲಿ ತುಂಬ ಹೊತ್ತು ಬಿದ್ದಿದ್ಲಂತೆ. ಮೇಲೆ ಕಾರು ಇಡ್ಲಿಕ್ಕೆ ಒಂದು ಜಾಗ ಇದ್ದಿದ್ರೆ ಅಂತ ಮಲಗಿದಲ್ಲೇ ಹೇಳ್ತಿದ್ಲು. ಆ ಊರ್ಸುಲನ ಹತ್ರ ಕೇಳು ಅಂದೆ. ಅಷ್ಟು ಮಾಡಿದವಳ ಹತ್ರ ಹೇಗೆ ಕೇಳುದು ಅಂದ್ಲು" ಎಂದರು.

ಇಪ್ಪತ್ತು ವರ್ಷ ಜರ್ಮನಿಯಲ್ಲಿದ್ದ ಸುಮಿತ್ರಾಳನ್ನು ನಾನು ನಮ್ಮ ಊರಿನವರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ನನ್ನ ತಪ್ಪು. ಆದರೆ ನನ್ನ ಹೆದರಿಕೆಯನ್ನು ಹೇಳಿಕೊಂಡದ್ದು ಅವಳೊಬ್ಬಳಿಗೇ. ಅದನ್ನೇ ಹಿಡಿದು ನನ್ನನ್ನು ಸುಮ್ಮನಾಗಿಸಿದ್ದಳು. ಮರಳಿನಲ್ಲಿ ನಿಂತು ನನಗೆ ಬಂದದ್ದು ಸಿಟ್ಟೋ ಸಮಾಧಾನವೋ, ಬೇರೆ ಮಾಡಿ ಹೇಳಲಾರೆ.

ಕಮಲಕ್ಕ ಮರಳಿನ ಗೀರುಗಳನ್ನು ಕಾಲಲ್ಲಿ ಅಳಿಸಿದರು. "ಮನೆಗೆ ಹೋಗುವ" ಎಂದರು.

ಶನಿವಾರ

ಪರಿಣತೆ ಬಂದಳು. ಚಳಿ, ಮೋಡ. ಮಣ್ಣಿನ ಪಟ್ಟಿಯ ಮುಂದೆ ಎಲ್ಲರೂ ಕೋಟು ತೊಟ್ಟು ನಿಂ‌ತೆವು. ಅವಳು ಮಂಡಿಯೂರಿ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಏನೂ ಇರಲಿಲ್ಲ. ಎದ್ದು ಕೈ ಒರೆಸಿಕೊಂಡಳು.

ಊರ್ಸುಲಾ ಬ್ರೆನ್ನರನ ಕಡೆ ಬೆರಳು ತೋರಿಸಿ ಮಾತಾಡಿದಳು. ಅವನು ಮೊದಲ ಸಲ ಬಾಯಿ ತೆರೆದ. ಸುಮಿತ್ರಾ ನನಗೆ ಕನ್ನಡದಲ್ಲಿ ಹೇಳಬೇಕಾಯಿತು.

"ತಾನಲ್ಲ ಅಂತ. ಈ ಅತಿಥಿ ಬೆಳಿಗ್ಗೆ ಬೆಳಿಗ್ಗೆ ಗುಡಿಸುದು ನೋಡಿದ್ದೇನೆ ಅಂತಾನೆ. ಅವರನ್ನೂ ಕೇಳಿ ಅಂತ."

ಎಲ್ಲರೂ ನನ್ನನ್ನು ನೋಡಿದರು. ಇಂಗ್ಲಿಷಿನಲ್ಲಿ ಹೇಳಿದ್ದರೆ ಊರ್ಸುಲಾಗೆ ನೇರ ತಿಳಿಯುತ್ತಿತ್ತು. ನಾನು ಕನ್ನಡದಲ್ಲಿ ಹೇಳಿದೆ.

"ಸುಮಿತ್ರಾ, ಗುಡಿಸಿದ ಮಣ್ಣು ಬೇಲಿಯ ಬದಿಗೆ ಬಿದ್ದಿತ್ತು. ನನ್ನ ಕೈಯಾದರೆ ಬೀದಿಯ ಬದಿಗೆ ಬೀಳ್ತಿತ್ತು. ನಿನ್ನ ಅಮ್ಮನದ್ದೂ ಹಾಗೆಯೇ, ನಿನ್ನೆ ಗುಡಿಸಿ ನೋಡಿದ್ದೇವೆ. ಇದನ್ನು ಇವರಿಗೆ ಹೇಳು. ಅಥವಾ ನಿನಗೆ ಹೇಳ್ಬೇಕು ಅಂತ ಕಂಡದ್ದು ಹೇಳು. ನನಗೆ ಹೇಗೂ ಜರ್ಮನ್ ಗೊತ್ತಿಲ್ಲ."

ಅವಳು ಎಡಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಗುಡಿಸಿದ್ದು ಈ ಅತಿಥಿಯೇ ಎಂದು ಅವಳು ಹೇಳಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಮೂರು ದಿನದಲ್ಲಿ ಊರಿಗೆ ಹೊರಡುವವನು ನಾನು. ಬ್ರೆನ್ನರನ ಹೆಸರೂ ಉಳಿಯುತ್ತಿತ್ತು, ಅವಳದ್ದೂ ಉಳಿಯುತ್ತಿತ್ತು. ನಾನೂ ತಲೆಯಾಡಿಸಿಬಿಡುತ್ತಿದ್ದೆನೇನೋ.

ಮೆಟ್ಟಿಲಿನ ಮೇಲೆ ನಿಂತಿದ್ದ ಕಮಲಕ್ಕ, "ಹೇಳು ಮಗಾ" ಎಂದರು.

ನನಗೆ ಬರುತ್ತಿದ್ದ ನಾಲ್ಕಾರು ಜರ್ಮನ್ ಶಬ್ದಗಳಲ್ಲಿ ಒಂದು 'ಇಷ್', ನಾನು ಎಂದು ಅರ್ಥ. ಸುಮಿತ್ರಾ ಊರ್ಸುಲಾಳ ಕಡೆಗೆ ತಿರುಗಿ ಬಾಯಿ ತೆರೆದಾಗ ಮೊದಲು ಬಂದದ್ದು ಆ ಶಬ್ದ. ಆಮೇಲಿನ ಉದ್ದದ ಮಾತಿನಲ್ಲಿ ಅದು ಮತ್ತೆ ಮತ್ತೆ ಬಂತು. ಮಾತಿನ ನಡುವೆ ಅವಳು ಗುಡ್ಡದ ತಿರುವನ್ನೂ ತನ್ನ ಮೊಣಕಾಲನ್ನೂ ತೋರಿಸಿದಳು.

ಬ್ರೆನ್ನರ್ ಹ್ಯಾಟು ತೆಗೆದು ಮತ್ತೆ ಹಾಕಿಕೊಂಡ. ಊರ್ಸುಲಾ ಮನೆಯೊಳಗೆ ಹೋದಳು. ಬಿಸಿಲು ಬಂದ ಮೇಲೆ ತಾನು ಮತ್ತೊಮ್ಮೆ ಬರುವುದಾಗಿ ಪರಿಣತೆ ಹೇಳಿದಳು.

ಹೊರಡುವ ರೈಲು

ಸೋಮವಾರ ಬಿಸಿಲು ಬಂತು. ಪರಿಣತೆಗಿಂತ ಮೊದಲು ಹುಳಗಳು ಬಂದವು. ಮುಚ್ಚಿದ ಮಣ್ಣನ್ನು ಒಳಗಿನಿಂದಲೇ ತಳ್ಳಿ, ಒಂದೊಂದೇ ಕಪ್ಪು ಮುಖ, ಹಿಂದೆಯೇ ಕೆಂಪು ಬೆನ್ನು. ಮಧ್ಯಾಹ್ನದೊಳಗೆ ಗುಪ್ಪೆಗಳೆಲ್ಲ ಮತ್ತೆ ಎದ್ದಿದ್ದವು. ಕಣಜದ ವೇಷದ ಆ ಕಳ್ಳ ಜೇನೂ ಹಾಜರಿತ್ತು, ಯಾವ ಮನೆಯ ಒಡತಿ ಹೊರಗೆ ಹೋಗುತ್ತಾಳೆಂದು ಕಾಯುತ್ತ. ಪರಿಣತೆ ಬಂದು ನೋಡಿದಳು. ಮಣ್ಣು ಮಣ್ಣಾಗಿಯೇ ಉಳಿಯಿತು.

ನಾನು ಹೊರಡುವ ಬೆಳಿಗ್ಗೆ ಊರ್ಸುಲಾಳ ಮನೆಯ ಪಕ್ಕದ ಗರಾಜಿನ ಬಾಗಿಲು ತೆರೆದಿತ್ತು. ಹೂಕುಂಡಗಳು, ಮುರಿದ ಕುರ್ಚಿಗಳು, ಹಳೆಯ ಏಣಿ ಎಲ್ಲ ಬೀದಿಯಲ್ಲಿ. ಊರ್ಸುಲಾ ಮತ್ತು ಬ್ರೆನ್ನರ್ ಒಂದು ಕಪಾಟನ್ನು ಎರಡು ಕಡೆ ಹಿಡಿದು ಹೊರಗೆ ಎಳೆಯುತ್ತಿದ್ದರು. ಊರ್ಸುಲಾ ನನ್ನನ್ನು ನೋಡಿ, "ನನಗೆ ಕಾರಿಲ್ಲ. ಸುಮಿತ್ರಾ ಕೇಳಿದ್ದರೆ ಈ ಜಾಗ ಅಂದೇ ಕೊಡುತ್ತಿದ್ದೆ" ಎಂದಳು. ಸುಮಿತ್ರಾಳ ಜೊತೆ ಇನ್ನೂ ಮಾತಾಡಿರಲಿಲ್ಲ. ಕೊಡುತ್ತಿದ್ದಳೇ, ಅಥವಾ ತನ್ನ ಹುಳಗಳನ್ನು ಉಳಿಸಿಕೊಳ್ಳಲು ಈಗ ಕೊಡುತ್ತಿದ್ದಾಳೆಯೇ? ನಾನು ನಾನೇ, ಹಾಗೂ ಯೋಚಿಸಿದೆ.

ಕಮಲಕ್ಕ ಹಿಡಿಸೂಡಿ ಹಿಂದೆ ಕೊಡಲಿಲ್ಲ. "ಕಲ್ಲಿನ ಮೇಲೆ ಮಾತ್ರ ಗುಡಿಸ್ತೇನೆ ಮಾಷ್ಟ್ರೆ, ದೇವರಾಣೆ" ಎಂದರು.

ನಿಲ್ದಾಣದವರೆಗೆ ಸುಮಿತ್ರಾ ಬಂದಳು. ರೈಲು ದೂರದಲ್ಲಿ ಕಾಣಿಸಿದಾಗ ಅವಳು ಹಳಿಯ ಕಡೆ ನೋಡುತ್ತಲೇ ಹೇಳಿದಳು.

"ಆ ದಿನ ಡ್ಯೂಟಿಯಿಂದ ಬಂದವಳು ಮೊದಲು ನಿನ್ನ ಕೋಣೆ ನೋಡಿದ್ದೆ. ಬಾಗಿಲು ಸ್ವಲ್ಪ ತೆರೆದಿತ್ತು. ನೀನು ಗೋಡೆ ಕಡೆ ತಿರುಗಿ, ಎರಡು ಕೈಯೂ ಕೆನ್ನೆ ಅಡಿಗೆ ಇಟ್ಟು ನಿದ್ದೆ ಮಾಡ್ತಿದ್ದೆ. ಅದು ನೋಡಿಯೇ ನಾನು ಹಿಡಿಸೂಡಿ ತೆಗ್ದದ್ದು." ನನ್ನ ಕಡೆ ತಿರುಗಿದಳು. "ನಿನ್ನ ನೆನಪು ಸರಿ ಉಂಟು, ಜಯಂತ."

ರೈಲು ಬಂತು. ಪೆಟ್ಟಿಗೆ ಎತ್ತಿಟ್ಟು ಕಿಟಕಿ ಬಳಿ ಕೂತೆ. ಅವಳು ಎಡಗೈ ಎತ್ತಿದಳು, ನಾನು ಬಲಗೈ ಎತ್ತಿದೆ. ಊರು ಹಿಂದೆ ಸರಿದ ಮೇಲೆ, ಇದನ್ನೂ ನನ್ನ ಸಮಾಧಾನಕ್ಕೆಂದೇ ಹೇಳಿದಳೋ ಎಂಬ ಗುಮಾನಿ ಹುಟ್ಟಿತು. ಅದನ್ನು ಬೆನ್ನು, ಮುಖ, ಹಿಂಗಾಲು ಎಂದು ತಿರುಗಿಸಿ ನೋಡಿದೆ. ಗೋಡೆಯ ಕಡೆ ತಿರುಗಿ, ಎರಡೂ ಕೈ ಕೆನ್ನೆಯ ಅಡಿಗಿಟ್ಟು ಮಲಗುವುದು ಚಿಕ್ಕಂದಿನಿಂದ ನನ್ನ ಅಭ್ಯಾಸ. ಅದನ್ನು ಅವಳಿಗೆ ನಾನು ಎಂದೂ ಹೇಳಿರಲಿಲ್ಲ.